ಮುಯ್ಯಾಳಿನ ಪ್ರಶ್ನೆಗಳು

ಸೀತನಿ ಸುಡುವ ವಾಸನೆಗೆ ನಾನು ಸೋತವಳು. ಕಳೆದ ಮಾಘದಲ್ಲಿ ಇಂಡಿ ಪಟ್ಟಣದಲ್ಲಿದ್ದ ಶಿಕ್ಷಕರ ತರಬೇತಿಗೆಂದು ಮುದ್ದೇಬಿಹಾಳದಿಂದ ಹೊರಟು, ಬಸ್ಸು ಬದಲಿಸಲು ಬಸವನ ಬಾಗೇವಾಡಿ ನಿಲ್ದಾಣದಲ್ಲಿ ಇಳಿದೆ. ಗೇಟಿನ ಆಚೆ ಒಬ್ಬಾಕೆ ಕುಳ್ಳಿನ ಕೆಂಡದಲ್ಲಿ ಎಳೆಯ ಜೋಳದ ತೆನೆ ಹೊರಳಿಸಿ, ಗೋಣಿಚೀಲದ ಮೇಲಿಟ್ಟು ಬಡಿಯುತ್ತಿದ್ದಳು. ಹಸಿರು ಕಾಳು ಬಿಸಿಬಿಸಿ ಉದುರುತ್ತಿದ್ದವು. ನಾನು ಹತ್ತಬೇಕಿದ್ದ ವಿಜಯಪುರದ ಬಸ್ಸು ಬಂತು, ಹೋಯಿತು. ನಾನು ಕಾಗದದ ಪೊಟ್ಟಣ ಹಿಡಿದು, ಶೇಂಗಾ ಹಿಂಡಿ ಸೇರಿಸಿ ಮುಕ್ಕುತ್ತ ನಿಂತೇ ಇದ್ದೆ. ತರಬೇತಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಬೈಗುಳ ಅಂದೇ ಮರೆತುಹೋಯಿತು. ಆ ವಾಸನೆ ಎಬ್ಬಿಸಿದ, ಕೆಲವು ವರ್ಷ ಹಿಂದಿನ ಒಂದು ಸುಗ್ಗಿಯ ನೆನಪು ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಮಸೂತಿಯಿಂದ ಒಳದಾರಿ ಹಿಡಿದು ಕೊಲ್ಹಾರದ ಕಡೆ ಹೊರಟರೆ ಸಿಗುವ ಒಂದು ಸಣ್ಣ ಊರು. ಊರಿನ ಹೆಸರು ಬೇಡ, ಅಲ್ಲಿಯವರಿಗೆ ಹೆಸರು ಮಾಡುವ ಚಟವಿಲ್ಲ. ಒಂದರಿಂದ ಐದನೇ ತರಗತಿಯವರೆಗಿನ ಸರ್ಕಾರಿ ಶಾಲೆ, ಎರಡು ಕೋಣೆ, ಅಂಗಳದಲ್ಲಿ ಒಂದು ಬೇವಿನ ಮರ, ಗೋಡೆಗೆ ಗೋಡೆ ಹಚ್ಚಿಕೊಂಡು ಅಂಗನವಾಡಿ. ಐದೂ ತರಗತಿಗೆ ನಾನೊಬ್ಬಳೇ ಅಕ್ಕೋರು. ಆ ಕಡೆ ಶಿಕ್ಷಕಿಯನ್ನು ಹಾಗೇ ಕರೆಯುತ್ತಾರೆ. ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ಐದನೆಯವರು ಭಾಗಾಕಾರದಲ್ಲಿ ಕಾದಾಡುತ್ತಿದ್ದರು, ಅವರನ್ನು ಬಿಡಿಸಲು ಹೋದರೆ ಎರಡನೆಯವರು ಕಿಟಕಿ ಹತ್ತುತ್ತಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ. ಆ ಶಾಲೆಯಲ್ಲಿ ಅದು ದಿನಕ್ಕೆ ಹತ್ತು ಸಲ ಬರುತ್ತಿತ್ತು.

ದಿನವೂ ಮುದ್ದೇಬಿಹಾಳದಿಂದ ಎರಡು ಬಸ್ಸು ಬದಲಿಸಿ, ಕೊನೆಗೆ ಒಂದಿಷ್ಟು ದೂರ ಎರೆಹೊಲದ ದಾರಿಯಲ್ಲಿ ನಡೆದು ತಲುಪಬೇಕಿತ್ತು. ಮನೆಯಲ್ಲಿ ನಾಲ್ಕು ವರ್ಷದ ಮಗಳು. ನಾನು ಹೊರಡುವಾಗ ಅವಳಿಗೆ ನಿದ್ದೆ, ನಾನು ಮರಳುವಾಗ ಅವಳಿಗೆ ನಿದ್ದೆಗಣ್ಣು. ಆ ವರ್ಷ ಅವಳು ನನ್ನ ಅತ್ತೆಯನ್ನು ಅವ್ವ ಎಂದು ಕರೆಯಲು ಶುರುಮಾಡಿದ್ದಳು. ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ, ಬೇಕಾದಾಗ ಸೆರಗು ಜಗ್ಗುತ್ತಿದ್ದಳು. ಅತ್ತೆಯವರು ನಕ್ಕು ಹಗುರ ಮಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಹಾಗಿರುವಾಗ ಮಾಘ ಮಾಸ ಶುರುವಾಗುವ ಹೊತ್ತಿಗೆ ಮೇಲಿನ ಕಚೇರಿಯಿಂದ ಫೋನ್ ಬಂತು. ಶಿಕ್ಷಣ ಸುಧಾರಣೆಯ ಹೊಸ ಯೋಜನೆ ಬಂದಿದೆ, ಸುತ್ತಲಿನ ಸಣ್ಣ ಶಾಲೆಗಳನ್ನೆಲ್ಲ ಡಾಂಬರು ರಸ್ತೆಯಾಚೆಯ ದೊಡ್ಡ ಶಾಲೆಯಲ್ಲಿ ಸೇರಿಸುತ್ತಾರೆ, ನಿಮ್ಮ ಶಾಲೆಯೂ ಪಟ್ಟಿಯಲ್ಲಿದೆ. ಪಂಚಾಯಿತಿ ಸದಸ್ಯರು ಬಂದು ಪಾಲಕರಿಗೆ ತಿಳಿಸಿ ಹೇಳುತ್ತಾರೆ, ಎಸ್‌ಡಿಎಂಸಿ ಒಪ್ಪಿದೆ ಎಂಬ ಠರಾವು ಬರೆದು ಕಳಿಸಿ. ಎಸ್‌ಡಿಎಂಸಿ ಎಂದರೆ ಪಾಲಕರೇ ತಮ್ಮೊಳಗಿಂದ ಆರಿಸಿದ ಶಾಲಾ ಸಮಿತಿ. ಅದು ಬೇಡ ಎಂದು ಬರೆದರೆ ಶಾಲೆ ಕದಲಿಸುವುದು ಅಷ್ಟು ಸುಲಭವಲ್ಲ.

ಸರ್ಕಾರಿ ನೌಕರಳು ನಾನು, ಎದುರಾಡುವ ಹಾಗಿರಲಿಲ್ಲ ಎಂದು ಹೇಳಿ ಇಲ್ಲಿ ಪಾರಾಗಬಹುದು. ಆದರೆ ಸುಳ್ಳೇಕೆ? ಆ ಶಾಲೆ ಹೋಗುವುದು ನನಗೆ ಬೇಕಾಗಿತ್ತು. ಶಾಲೆ ಹೋದರೆ ಶಿಕ್ಷಕರಿಗೆ ಬೇರೆ ಜಾಗ ಸಿಗುತ್ತದೆ, ಸ್ವಂತ ಊರಿನ ಹತ್ತಿರ ಕೇಳಬಹುದು ಎಂಬ ಮಾತು ನಮ್ಮ ನಡುವೆ ಓಡಾಡುತ್ತಿತ್ತು. ಅಂದು ಸಂಜೆ ಮಕ್ಕಳು ಹೋದ ಮೇಲೆ ಠರಾವು ಪುಸ್ತಕ ತೆಗೆದು, ಸಭೆ ನಡೆಯುವ ಮೊದಲೇ ಚಂದದ ಅಕ್ಷರದಲ್ಲಿ ಬರೆದೆ: ‘ಮಕ್ಕಳ ಹಿತದೃಷ್ಟಿಯಿಂದ ಸಮಿತಿಯು ಸರ್ವಾನುಮತದಿಂದ ಒಪ್ಪಿಗೆ ನೀಡಿದೆ.’ ಕೆಳಗೆ ಸಹಿಗೆ ಜಾಗ ಬಿಟ್ಟೆ. ನಾನು ಬರೆದು ತೋರಿಸಿದ ಕಡೆ ಸಹಿ ಮಾಡುವುದು ಸಮಿತಿಯವರಿಗೆ ರೂಢಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯುತ್ತದೆ ಎಂದುಕೊಂಡೆ.

ಸುಗ್ಗಿಯ ಕಾಲದಲ್ಲಿ ಸಭೆಗೆ ಬನ್ನಿ ಎಂದು ಹೇಳಬೇಕಾದರೆ ಹೊಲಕ್ಕೇ ಹೋಗಬೇಕು. ಮನೆಗಳಿಗೆಲ್ಲ ಬೀಗ. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಡುಗೆಯವರಿಗೆ ಮಕ್ಕಳನ್ನು ಒಪ್ಪಿಸಿ ಹೊರಟೆ. ಆ ವರ್ಷ ಬಿಳಿಜೋಳ ಆಳೆತ್ತರ ಬಂದಿತ್ತು. ಥಂಡಿ ಗಾಳಿ ಬೀಸಿದರೆ ಹೊಲದ ತುಂಬ ರವದಿಯ, ಒಣಗಿದ ಗರಿಯ ಸದ್ದು. ಬದುವಿನ ಕುಸುಬಿ ಮುಳ್ಳು ಸೀರೆ ಹಿಡಿದು ನಿಲ್ಲಿಸುತ್ತಿತ್ತು. ಹತ್ತು ಹನ್ನೆರಡು ಹೆಂಗಸರು ಒಂದೇ ಸಾಲಿನಲ್ಲಿ ಬಗ್ಗಿ ಜೋಳ ಕೀಳುತ್ತಿದ್ದರು. ಹೊಲ ಕಾಶೀಬಾಯಿಯದು. ಕಾಶೀಬಾಯಿ ಮಾತ್ರ ಸಾಲಿನಲ್ಲಿರಲಿಲ್ಲ, ಕೊಡ ಹೊತ್ತು ಎಲ್ಲರಿಗೂ ನೀರು ಕೊಡುತ್ತಿದ್ದಳು. ಸಾಲಿನ ಮುಂದೆ ಇದ್ದವಳು ದಾವಲಬಿ, ನಮ್ಮ ಸಮಿತಿಯ ಅಧ್ಯಕ್ಷೆ.

“ಹೊಲ ಕಾಶೀಬಾಯಿದು, ಮುಂದ ನೀವು ಹಿಡದೀರಲ್ಲ?” ಎಂದೆ.

“ಮುಯ್ಯಾಳ್ರಿ ಅಕ್ಕೋರ,” ಎಂದಳು ದಾವಲಬಿ, ಬೆನ್ನು ನೆಟ್ಟಗೆ ಮಾಡಿ. “ಇವತ್ತ ನಾವು ಆಕಿ ಹೊಲಕ್ಕ, ನಾಡಿದ್ದ ಆಕಿ ನಮ್ಮ ಹೊಲಕ್ಕ. ತನ್ನ ಹೊಲದಾಗ ತಾ ಮುಂದ ನಿಂದರಬಾರ್ದು. ನಿಂತ್ರ ಒಂದ ದಿನದಾಗ ಮುಗೀಲಿ ಅಂತ ಉಳದವರಿಗೆ ಜೀವಾ ತಿಂತಾಳ. ಮಂದಿ ಹೊಲ ಆದ್ರ ಮನಸ್ಸು ತಣ್ಣಗ ಇರ್ತೈತಿ, ಕೆಲಸ ನೇಟ್ ಆಗ್ತೈತಿ.”

ಸಭೆಯ ವಿಷಯ ಹೇಳಿದೆ. ದೊಡ್ಡ ಶಾಲೆ, ತರಗತಿಗೊಬ್ಬ ಶಿಕ್ಷಕರು, ಕಂಪ್ಯೂಟರ್ ಎಂದು ಒಳ್ಳೆಯದನ್ನೆಲ್ಲ ಮೊದಲು ಹೇಳಿದೆ. ದಾವಲಬಿ ಕೇಳಿಸಿಕೊಂಡಳು. ಕೈಯಲ್ಲಿದ್ದ ದಂಟಿನ ಬೇರಿನ ಮಣ್ಣು ಕೊಡವಿದಳು.

“ನಾ ಹಳೇ ಕೊಲ್ಹಾರದಾಕಿ. ಸಾಲ್ಯಾಗ ನಾಕನೇತ್ತ ಇದ್ದಾಗ ಊರು ಡ್ಯಾಮಿನ ನೀರಾಗ ಹೋತು. ಹೊಸಾ ಊರಾಗ ನಮಗ ಹಾಕಿಕೊಟ್ಟ ಮನಿಯಿಂದ ಸಾಲಿ ದೂರ ಆತು. ದೊಡ್ಡ ಸಾಲಿ, ಚಂದನ ಸಾಲಿ ಅಂತ ಆವಾಗೂ ಹೇಳಿದ್ರು. ಚಂದ ಇತ್ತಂತ. ನಾ ನೋಡಲಿಲ್ಲ,” ಎಂದಳು. ಮತ್ತೆ ಬಗ್ಗಿ ಜೋಳಕ್ಕೆ ಕೈ ಹಾಕಿದಳು. “ಸಭಾ ಯಾವಾಗ ಐತಿ ಹೇಳ್ರಿ, ಬರ್ತೇವಿ.”

ಮರಳುವ ದಾರಿಯಲ್ಲಿ ನನಗೆ ಅಪರಾಧಿ ಭಾವ ಕಾಡಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಕಾಡಲಿಲ್ಲ. ದಾವಲಬಿ ಅಡ್ಡ ಬಂದಾಳೇನೋ ಎಂಬ ಅಂಜಿಕೆಯೇ ಹೆಚ್ಚಾಗಿತ್ತು.

ನಾಲ್ಕು ದಿನ ಬಿಟ್ಟು, ಬೆಳಗಿನ ಹೊತ್ತು, ಬೇವಿನ ಮರದ ಕೆಳಗೆ ಸಭೆ ಸೇರಿತು. ಪಂಚಾಯಿತಿ ಸದಸ್ಯ ಮಲ್ಲನಗೌಡರು ಬಿಳಿ ಅಂಗಿ ತೊಟ್ಟು, ಮೋಟಾರ್ ಸೈಕಲ್ ಮೇಲೆ ಹೇಳಿದ ಹೊತ್ತಿಗೇ ಬಂದರು. ಕೆಟ್ಟ ಮನುಷ್ಯನಲ್ಲ. ಸತ್ತವರ ಮನೆಗೆ ಮೊದಲು ಹೋಗುವವರು ಅವರೇ, ಆಸ್ಪತ್ರೆಗೆ ಗಾಡಿ ಗೊತ್ತು ಮಾಡುವವರೂ ಅವರೇ. ಒಂದೇ ದೋಷ. ಊರಿನ ಕೆಲಸ ಕೇಳಿದರೆ ಕೇಳಿದವರಿಗಷ್ಟೇ ಏನಾದರೊಂದು ಮಾತು ಕೊಟ್ಟು ಕಳಿಸುತ್ತಿದ್ದರು. ಹಿಂದಿನ ವರ್ಷ ಶಾಲೆಗೆ ನೀರಿನ ನಲ್ಲಿ ಕೇಳಲು ಎಂಟು ಜನ ಹೋಗಿದ್ದರು. ಎಂಟು ಜನರ ಮೂಗಿಗೂ ಬೇರೆ ಬೇರೆ ತುಪ್ಪ ಸವರಿದ್ದರು, ನಲ್ಲಿ ಮಾತ್ರ ಬರಲಿಲ್ಲ.

ಗೌಡರನ್ನು ಕುರ್ಚಿಯಲ್ಲಿ ಕೂಡಿಸಿ, ಕೊಲ್ಹಾರದ ಮೊಸರಿನ ಕುಡಿಕೆಯೊಂದನ್ನು ಅವರ ಮುಂದಿಟ್ಟು ಉಳಿದವರೆಲ್ಲ ಚಾಪೆಯ ಮೇಲೆ ಕುಳಿತರು. ಸಮಿತಿಯ ಹೆಂಗಸರ ಜೊತೆ ಗಂಡಸರಲ್ಲಿ ಕುರಿ ಕಾಯುವ ಬಸಪ್ಪ ಒಬ್ಬನೇ ಬಂದಿದ್ದ. ಗೌಡರು ಜೇಬಿನಿಂದ ಮಡಚಿದ ಕಾಗದ ತೆಗೆದು ಶುರುಮಾಡಿದರು.

“ನೋಡ್ರಬೇ, ಸಾಲಿ ಮುಚ್ಚಾಕತ್ತಿಲ್ಲ. ಕೂಡಸಾಕತ್ತಾರ, ಅಷ್ಟ. ಅಲ್ಲಿ ಕ್ಲಾಸಿಗೊಬ್ಬ ಮಾಸ್ತರ, ಒಂದನೇತ್ತದಿಂದ ಇಂಗ್ಲಿಷ್, ಕಂಪ್ಯೂಟರ್, ಎಲ್ಲಾ ಐತಿ. ಇಲ್ಲೇನೈತಿ? ಪಾಪ, ಅಕ್ಕೋರು ಒಬ್ರ ಐದು ಕ್ಲಾಸಿಗೆ ಬಡಕೋತಾರ.”

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಿತ್ತು. ಆದರೂ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಹೌದೆಂಬಂತೆ ತಲೆಯಾಡಿಸಿದೆ.

ಕಾಶೀಬಾಯಿ ಎದ್ದು ನಿಂತಳು. ಅವಳ ಮಗ ಸಿದ್ದು ಎರಡನೇ ತರಗತಿ. ಅವನ ಬಗ್ಗೆ ಕೇಳುತ್ತಾಳೆ ಎಂದುಕೊಂಡೆ.

“ಗೌಡ್ರ, ನಮ್ಮ ದಾವಲಬಿ ಮಗಳು ರೇಷ್ಮಾ ಮೂರನೇತ್ತ ಅದಾಳ. ಆ ದೊಡ್ಡ ಸಾಲಿಗೆ ಹೋಗಾಕ ಡಾಂಬರ ರೋಡ ದಾಟಬೇಕು. ಈ ದಿನದಾಗ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರಾಲಿ ಜಗ್ಗಿಕೊಂಡು ಹೊಂಟಿರ್ತಾವ. ಆ ಕೂಸಿನ್ನ ಯಾರು ದಾಟಸ್ತಾರ?”

ಹೆದರಿ ತಪ್ಪಿ ಮಾತಾಡಿದಳೇನೋ ಎಂದು ನಾನು ದಾವಲಬಿಯ ಮುಖ ನೋಡಿದೆ. ಅವಳು ಚಾಪೆ ನೋಡುತ್ತಿದ್ದಳು.

“ಸಾಲಿ ಗಾಡಿ ಬಿಡ್ತಾರವಾ. ಊರಿಗೇ ಬರ್ತೈತಿ,” ಎಂದರು ಗೌಡರು.

“ಗಾಡಿ ಕೆಟ್ಟ ದಿನಾ?”

“ಕೆಟ್ಟ ದಿನಾ... ತಗೋ ಕಾಶೀಬಾಯಿ, ಅಷ್ಟ್ಯಾಕ ಅಂಜತಿ? ನಿನ್ನ ಮಗನ್ನ ನಾನ ನನ್ನ ಗಾಡಿ ಮ್ಯಾಲೆ ಕುಂಡ್ರಿಸಿಕೊಂಡು ಬಿಟ್ಟು ಬರ್ತೇನಿ.”

ಗೌಡರೇ ನಕ್ಕರು. ಬೇರೆ ಯಾರೂ ನಗಲಿಲ್ಲ.

“ನನ್ನ ಮಗನ ಸುದ್ದಿ ನಾ ಎಲ್ಲಿ ತಗದೇನ್ರಿ? ನಾ ಕೇಳಿದ್ದು ರೇಷ್ಮಾಂದು.”

ಗೌಡರು ದಾವಲಬಿಯ ಕಡೆ ತಿರುಗಿದರು. “ಹಂಗಾರ ದಾವಲಬಿ, ನಿನ್ನ ಮಗಳಿಗೆ ನಾ ಏನರ...”

“ನಂದು ನಾ ಏನೂ ಕೇಳಿಲ್ರಿ ಗೌಡ್ರ,” ಎಂದಳು ದಾವಲಬಿ. “ಕೇಳಿದಾಕಿಗೆ ಹೇಳ್ರಿ.”

ಆಗ ನನಗೆ ಹೊಳೆಯಿತು. ಇದು ತಪ್ಪಲ್ಲ, ಅಂಜಿಕೆಯೂ ಅಲ್ಲ. ಹೊಲದ ಮುಯ್ಯಾಳನ್ನು ಇವರು ಬೇವಿನ ಮರದ ಕೆಳಗೆ ತಂದಿದ್ದಾರೆ. ತನ್ನ ಮಗುವಿನ ಬಗ್ಗೆ ತಾಯಿಯೇ ಕೇಳಿದರೆ ಗೌಡರು ಆ ತಾಯಿಗೊಂದು ಮಾತು ಕೊಟ್ಟು ಕೂಡಿಸುತ್ತಾರೆ. ಅವಳಿಗೂ ಸಾಕು ಎನಿಸುತ್ತದೆ, ತಾಯಿಯ ಕರುಳು ಅಷ್ಟೇ ಕೇಳುತ್ತದೆ. ಕೇಳಿದವಳು ಬೇರೆ, ಮಗು ಬೇರೆಯವಳದಾದರೆ ಆ ಮಾತು ಯಾರ ಕೈಗೆ ಕೊಡುವುದು? ತರಬೇತಿಗಳಲ್ಲಿ ಪಾಲಕರ ಸಹಭಾಗಿತ್ವದ ಬಗ್ಗೆ ನಾನು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಇಂಥ ಜಾಣತನವನ್ನು ಒಂದರಲ್ಲೂ ಕೇಳಿರಲಿಲ್ಲ. ನಾಲ್ಕನೇ ತರಗತಿ ಬಿಟ್ಟ ಹೆಂಗಸು ಜೋಳ ಕೀಳುತ್ತ ಇದನ್ನು ಕಂಡುಹಿಡಿದಿದ್ದಳು.

ಈಗ ದಾವಲಬಿ ಎದ್ದಳು. ಅವಳದು ನೀಲವ್ವನ ಪ್ರಶ್ನೆ. ನೀಲವ್ವ ದಿನವೂ ಕೂಲಿಗೆ ಹೋಗುವವಳು.

“ನೀಲವ್ವ ಹೊತ್ತು ಹೊಂಡೂದರಾಗ ಕೂಲಿಗೆ ಹೋಗ್ತಾಳ. ಆಕಿ ಮಗಳು ಸಂಗೀತಾ ತಮ್ಮನ್ನ ಬಗಲಾಗ ಎತಗೊಂಡು ಬಂದು ಅಂಗನವಾಡಿಗೆ ಬಿಟ್ಟು, ಇಲ್ಲಿ ನಾಕನೇತ್ತಕ್ಕ ಕುಂಡ್ರತಾಳ. ಅಂಗನವಾಡಿ ಇಲ್ಲೇ ಇರ್ತೈತಿ, ಸಾಲಿ ಅಲ್ಲಿಗೆ ಹೋಗ್ತೈತಿ ಅಂತೀರಿ. ಅಲ್ಲಿಯ ಗಾಡಿ ಅಂಗನವಾಡಿ ಬಾಗಲಾ ತಗಿಯೂಕಿಂತ ಮೊದಲ ಹೊಂಟುಬಿಡ್ತೈತಿ. ಸಂಗೀತಾ ಏನು ಎರಡು ತುಂಡ ಆಗಬೇಕೇನ್ರಿ? ಕೂಸು ಬಿಟ್ಟು ಸಾಲಿಗೆ ಹೋಗಂಗಿಲ್ಲ, ಸಾಲಿ ಬಿಟ್ಟು ಕೂಸು ಹಿಡೀತಾಳ. ಬ್ಯಾಸಗಿ ಮುಗದ ಮ್ಯಾಲೆ ಆಕಿ ಹೆಸರು ಹಾಜರಿ ಪುಸ್ತಕದಾಗ ಇರಂಗಿಲ್ಲ.”

ಗೌಡರು ಕಾಗದ ತಿರುವಿ ನೋಡಿದರು. ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳೇ ಕೇಳಿದ್ದರೆ ಅಳು ಬಂದು ಅರ್ಧಕ್ಕೆ ನಿಲ್ಲುತ್ತಿತ್ತು, ಅದು ನನಗೆ ಗೊತ್ತು.

ಮುಂದೆ ನೀಲವ್ವ ಎದ್ದಳು. “ಕಾಶೀಬಾಯಿ ಮಗ ಸಿದ್ದುಗ ಮಾತು ತಡೀತೈತ್ರಿ. ಒಂದು ಲೈನ್ ಓದಾಕ ಅಂವಗ ಭಾಳ ಹೊತ್ತು ಬೇಕು. ಇಲ್ಲಿ ನಮ್ಮ ಅಕ್ಕೋರು ಎಲ್ಲಾರಿಗೂ ಬೈತಾರ, ಆದ್ರ ಅವನ ಮಾತು ಮುಗಿಯೂತನಕಾ ಕಾಯ್ತಾರ. ಅಲ್ಲಿ ಅಷ್ಟು ಹುಡುಗರಾಗ ಯಾರು ಕಾಯ್ತಾರ್ರಿ?”

ನಾನು ಕಾಯುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಕಾಯದೆ ಬೇರೆ ದಾರಿ ಇರಲಿಲ್ಲ ಎಂದಷ್ಟೇ ಗೊತ್ತು. ಮೊದಲೇ ಬರೆದಿಟ್ಟ ಠರಾವು ಪುಸ್ತಕ ತೊಡೆಯ ಮೇಲಿತ್ತು. ಅದರ ಮೇಲೆ ಎರಡೂ ಕೈ ಇಟ್ಟು ಒತ್ತಿ ಹಿಡಿದೆ. ನಾಚಿಕೆ ಎಂದರೆ ಏನೆಂದು ಆಗ ತಿಳಿಯಿತು.

ಕೊನೆಗೆ ಬಸಪ್ಪ ಕಂಬಳಿ ಸರಿಪಡಿಸಿಕೊಂಡು ಎದ್ದ. “ದೊಡ್ಡ ಸಾಲಿ ಕೆಟ್ಟದ್ದು ಅಂತ ನಾವು ಅನ್ನಂಗಿಲ್ರಿ ಗೌಡ್ರ. ಕಂಪ್ಯೂಟರ್ ನಮ್ಮ ಮಕ್ಕಳಿಗೂ ಬೇಕು. ನಂದೊಂದು ಸವಾಲು ಐತಿ, ಅದು ನಿಮ್ಮ ಸಲುವಾಗಿ ಕೇಳೂದು. ಈ ಊರಿನ ಸಾಲಿ ಪಟ್ಟಿಯೊಳಗ ಹಾಕೂಮುಂದ, ಹಾಕಬೇಕೋ ಬ್ಯಾಡೋ ಅಂತ ನಿಮ್ಮನ್ನ ಯಾರರ ಕೇಳಿದ್ರೇನ್ರಿ?”

ಗೌಡರು ಕಾಗದವನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಚ್ಚಿದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಊರ ಜನರ ಮುಂದೆ ಕುರಿ ಕಾಯುವವನು ಹಾಗೆ ಕೇಳಿದರೆ ಬೇರೆ ಯಾರಾದರೂ ಎದ್ದು ಹೋಗುತ್ತಿದ್ದರು. ಅವರು ಕುರ್ಚಿ ಬಿಟ್ಟು ಕೆಳಗಿಳಿದು ಚಾಪೆಯ ಅಂಚಿಗೆ ಕುಳಿತರು.

“ಸುಳ್ಳು ಯಾಕ ಹೇಳ್ಲಿ ಬಸಪ್ಪ? ನನ್ನ ಯಾರೂ ಕೇಳಿಲ್ಲ. ಹೇಳಿ ಬಾ ಅಂದ್ರು, ಹೇಳಾಕ ಬಂದೇನಿ. ಇದನ್ನ ನಾನೂ ಪೂರಾ ಓದಿಲ್ಲ. ನಿಮ್ಮ ಸವಾಲಿಗೆ ನನ್ನ ಹತ್ರ ಜವಾಬು ಇಲ್ಲ. ಒಂದ ಕೆಲಸಾ ಮಾಡ್ರಿ. ಠರಾವಿನಾಗ ಒಪ್ಪಿಗಿ ಬರೀಬ್ಯಾಡ್ರಿ, ಇವಿಷ್ಟೂ ಸವಾಲು ಬರೀರಿ. ನಾ ತಗೊಂಡು ಹೋಗ್ತೇನಿ. ಜವಾಬು ತರೂತನಕಾ ನನಗ ಈ ಊರಾಗ ಚಾ ಕೊಡಬ್ಯಾಡ್ರಿ.”

ಗೌಡರನ್ನು ನಾನು ಅಲ್ಲಿಯವರೆಗೆ ಮೆಚ್ಚಿದ್ದಿಲ್ಲ. ಗೊತ್ತಿಲ್ಲ ಎಂದು ಊರೆದುರು ಹೇಳುವ ಜನಪ್ರತಿನಿಧಿಯನ್ನು ಅದಕ್ಕೆ ಮೊದಲೂ ಆಮೇಲೂ ನಾನು ಕಂಡಿಲ್ಲ. ಹೇಳಿದಂತೆ ಅವರು ನಡೆದುಕೊಂಡರು. ತಾಲೂಕು ಕಚೇರಿಗೆ ಎಷ್ಟು ಸಲ ಅಲೆದರೋ ಅವರಿಗೇ ಗೊತ್ತು. ಕೆಲವು ಪ್ರಶ್ನೆಗೆ ಜವಾಬು ತಂದರು, ಕೆಲವಕ್ಕೆ ಇಲ್ಲ ಎಂದೇ ಬಂದು ಹೇಳಿದರು. ಬೇಸಿಗೆ ಕಳೆದು ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಶಾಲೆ ಪಟ್ಟಿಯಲ್ಲಿರಲಿಲ್ಲ. ಸಂಗೀತಾ ಐದನೇ ತರಗತಿಗೆ ಬಂದು ಕುಳಿತಳು. ಸದ್ಯಕ್ಕೆ ಬಿಟ್ಟಿದ್ದಾರೆ, ಮುಂದೇನೋ ಯಾರಿಗೂ ಗೊತ್ತಿಲ್ಲ.

ಆದರೆ ಅಂದಿನ ಸಭೆ ಇನ್ನೂ ಮುಗಿದಿರಲಿಲ್ಲ.

“ಬರೀರಿ ಅಕ್ಕೋರ,” ಎಂದು ಗೌಡರು ಪೆನ್ನು ಕೊಟ್ಟರು. ನಾನು ಪುಸ್ತಕ ತೆರೆಯದೆ ಕುಳಿತಿದ್ದೆ. ದಾವಲಬಿ ಬಂದು ಪಕ್ಕದಲ್ಲಿ ಕುಳಿತು, ಎಂದಿನಂತೆ ತಾನೇ ಪುಟ ತಿರುವಿದಳು. ಅಲ್ಲಿತ್ತು ನನ್ನ ಚಂದದ ಅಕ್ಷರ. ಅವಳು ಓದುವುದು ನಿಧಾನ, ಬೆರಳಿಟ್ಟು ಓದುತ್ತಾಳೆ. ‘ಸರ್ವಾನುಮತದಿಂದ’ ಎಂಬಲ್ಲಿ ಬೆರಳು ನಿಂತಿತು, ಮುಂದೆ ಹೋಯಿತು, ‘ಒಪ್ಪಿಗೆ’ಯ ಮೇಲೆ ಮತ್ತೆ ನಿಂತಿತು. ಅವಳೊಂದು ಮಾತು ಆಡಿದ್ದರೆ ಸಾಕಿತ್ತು, ಆ ಊರಿನಲ್ಲಿ ನಾನು ತಲೆಯೆತ್ತಿ ನಡೆಯುವಂತಿರಲಿಲ್ಲ.

“ಅಕ್ಕೋರ, ಈ ಪುಟಾ ತಪ್ಪಿ ಬರದೀರಿ ಅನಸ್ತೈತಿ,” ಎಂದಳು, ನನಗಷ್ಟೇ ಕೇಳುವಂತೆ. “ಮುಂದಿಂದು ತಗೀರಿ.”

ನಂಬರು ಹಾಕಿದ ಪುಸ್ತಕದಲ್ಲಿ ಪುಟ ಹರಿಯುವಂತಿಲ್ಲ. ಅಡ್ಡ ಗೆರೆ ಎಳೆದು, ‘ರದ್ದು’ ಎಂದು ಬರೆದು ಸಹಿ ಮಾಡಿದೆ. ತಪಾಸಣೆಗೆ ಬಂದವರೆಲ್ಲ ಅದನ್ನು ಇಂದಿಗೂ ನೋಡುತ್ತಿರಬೇಕು. ಹೊಸ ಪುಟದಲ್ಲಿ ಒಂದೊಂದೇ ಪ್ರಶ್ನೆ ಬರೆದೆ. ಯಾರ ಪ್ರಶ್ನೆ, ಕೇಳಿದವರು ಯಾರು, ಎರಡೂ ಬರೆಯಬೇಕು ಎಂದಳು ದಾವಲಬಿ. ರೇಷ್ಮಾಳದು, ಕೇಳಿದವರು ಕಾಶೀಬಾಯಿ. ಸಂಗೀತಾಳದು, ಕೇಳಿದವರು ದಾವಲಬಿ. ಸಿದ್ದುವಿನದು, ಕೇಳಿದವರು ನೀಲವ್ವ. ಗೌಡರದು, ಕೇಳಿದವರು ಬಸಪ್ಪ. ಮುಗಿಯಿತೆಂದು ಪೆನ್ನಿಗೆ ಮುಚ್ಚಳ ಹಾಕಿದೆ.

“ಇನ್ನೊಂದು ಐತ್ರಿ,” ಎಂದಳು ದಾವಲಬಿ. ಈ ಸಲ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. “ಗೌಡ್ರ, ನಮ್ಮ ಅಕ್ಕೋರು ಹೊತ್ತು ಹೊಂಡೂಕಿಂತ ಮೊದಲ ಮನಿ ಬಿಟ್ಟು ಎರಡು ಬಸ್ಸು ಬದಲಿಸಿ ಬರ್ತಾರ. ನಾಕು ವರ್ಷದ ಕೂಸು ಐತಿ ಮನ್ಯಾಗ. ಸಾಲಿ ಹೋದ್ರ ಇವ್ರಿಗೆ ಊರ ಹತ್ರ ಜಾಗಾ ಸಿಗತಿತ್ತು. ನಮ್ಮ ಸಾಲಿ ನಾವು ಉಳಿಸಿಕೊಂಡ್ರ ಇವರ ದಾರಿ ನಾವ ಮುಚ್ಚಿದಂಗ ಆತು. ಇವರನ್ನ ಇವರ ಊರಿಗೆ ಹ್ಯಾಂಗ ಕಳಸ್ತೀರಿ? ಅದಕ್ಕೂ ಜವಾಬು ತರ್ರಿ.”

ನನ್ನ ಮಗಳ ವಿಷಯ ನಾನು ಆ ಊರಿನಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ. ಬರುವ ಬಸ್ಸು, ಹೋಗುವ ಬಸ್ಸು, ಫೋನಿನಲ್ಲಿ ಅತ್ತೆಯವರನ್ನು ನಾನು ಕೇಳುವ ಮಾತು, ಎಲ್ಲವನ್ನೂ ಇವರು ನೋಡಿಟ್ಟುಕೊಂಡಿದ್ದರು. ನಾನು ಹೋದರೆ ಆ ಶಾಲೆಗೆ ಇನ್ನೊಬ್ಬರು ಬರುವ ಭರವಸೆ ಯಾರಿಗೂ ಇರಲಿಲ್ಲ. ಆದರೂ ಕೇಳಿದಳು.

“ಬರೀರಿ,” ಎಂದಳು.

ಅಕ್ಷರಗಳು ಮಂಜಾಗಿ ಕಾಣುತ್ತಿದ್ದವು. ಬರೆದೆ. ಪ್ರಶ್ನೆ ಐದು, ಶಾಲೆಯ ಶಿಕ್ಷಕಿಯದು. ಕೇಳಿದವರು, ದಾವಲಬಿ.